ಸದ್ದಿಲ್ಲದೆ ತಿದ್ದಿದ ಸಾಲು

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹಗಲೆಲ್ಲ ಒಂದು ವಿಮಾ ಕಂಪನಿಗೆ ಸಾಫ್ಟ್‌ವೇರ್ ಬರೆಯುವುದು, ಬೆಳಗ್ಗೆ ಮನೆಯವರು ಏಳುವ ಮೊದಲು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬ್ಲಾಗಿಗೆ ಲೇಖನ ಬರೆಯುವುದು, ಇಷ್ಟೇ ಅವರ ಬದುಕು. ದಪ್ಪ ಪುಸ್ತಕಗಳಲ್ಲಿ ಕಬ್ಬಿಣದ ಕಡಲೆಯಾಗಿದ್ದನ್ನು ಅವರು ಸುಲಿದ ಬಾಳೆಹಣ್ಣು ಮಾಡಿ ಕೊಡುತ್ತಿದ್ದರು. ಹನ್ನೊಂದು ವರ್ಷಕ್ಕೆ ಇನ್ನೂರ ನಲವತ್ತು ಲೇಖನ. ಮೇಷ್ಟ್ರು ಎಂಬ ಹೆಸರು ಕೊಟ್ಟವರು ಓದುಗರೇ. ಅದು ಎಷ್ಟು ಹಿಡಿಸಿತ್ತೆಂದರೆ, ಹೆಂಡತಿ ತಮಾಷೆಗೆ "ಏನ್ ಮೇಷ್ಟ್ರೇ, ಕಸ ಹೊರಗಿಟ್ರಾ?" ಎಂದರೂ ಅವರ ಮುಖ ಅರಳುತ್ತಿತ್ತು.

ಮೊದಲ ಲೇಖನಕ್ಕೆ ಬಂದ ಮೊದಲ ಕಾಮೆಂಟು ಒಬ್ಬ ಕಾಲೇಜು ಹುಡುಗಿಯದು. "ಅಣ್ಣಾ, ಈಗ ಅರ್ಥ ಆಯ್ತು" ಎಂದಷ್ಟೇ ಬರೆದಿದ್ದಳು. ಅವಳು ಓದು ಮುಗಿಸಿ ಸಣ್ಣದೊಂದು ಕ್ಯಾನ್ಸರ್ ಆಸ್ಪತ್ರೆ ಸೇರಿದಳು. ಅಲ್ಲಿನ ಕಂಪ್ಯೂಟರ್ ಕೆಲಸಕ್ಕೆಲ್ಲ ಅವಳೊಬ್ಬಳೇ, ಮೆಟ್ಟಿಲ ಕೆಳಗಿನ ಕೋಣೆಯೇ ಅವಳ ಆಫೀಸು. ಕೇಳಲು ಪಕ್ಕದಲ್ಲಿ ಯಾರೂ ಇಲ್ಲದವಳಿಗೆ ಮೇಷ್ಟ್ರ ಲೇಖನಗಳೇ ಗತಿ.

ಅವುಗಳಲ್ಲಿ ಒಂದು ಬ್ಯಾಕಪ್ ಬಗ್ಗೆ ಇತ್ತು. ದಿನಾ ದಾಖಲೆಗಳ ಒಂದು ಪ್ರತಿ ಇನ್ನೊಂದು ಡಿಸ್ಕಿಗೆ ಹೋಗಬೇಕು, ಜಾಗ ತುಂಬದಂತೆ ಏಳು ದಿನಕ್ಕಿಂತ ಹಳೆಯ ಪ್ರತಿಗಳು ತಾವಾಗಿಯೇ ಅಳಿಯಬೇಕು. ಮೇಷ್ಟ್ರು ಅದಕ್ಕೆ ಬೇಕಾದ ಕೋಡನ್ನೂ ಕೊಟ್ಟಿದ್ದರು. ಆದರೆ ಅಳಿಸುವ ಮೊದಲು ಹೊಸ ಪ್ರತಿ ನಿಜವಾಗಿಯೂ ಬಂದಿದೆಯೇ ಎಂದು ಆ ಕೋಡು ನೋಡುತ್ತಿರಲಿಲ್ಲ. ಪ್ರತಿ ಬರುವುದು ಯಾವ ಕಾರಣಕ್ಕೋ ನಿಂತರೂ ಅಳಿಸುವುದು ನಿಲ್ಲದು. ವಾರ ಕಳೆಯುವಷ್ಟರಲ್ಲಿ ಡಿಸ್ಕು ಬರಿದು. ಓದುಗರೊಬ್ಬರು ಇದನ್ನು ಕಾಮೆಂಟಿನಲ್ಲಿ ಹೇಳಿದ್ದರು. "ಸರಿಯಾಗಿ ಹೇಳಿದ್ರಿ, ತಿದ್ದುತ್ತೇನೆ" ಎಂದು ಮೇಷ್ಟ್ರು ಉತ್ತರವನ್ನೂ ಕೊಟ್ಟಿದ್ದರು. ಎರಡು ವರ್ಷ ತಿದ್ದಲಿಲ್ಲ. ಹೊಸ ಲೇಖನಕ್ಕೆ ಚಪ್ಪಾಳೆ ಬೀಳುತ್ತದೆ, ಹಳೆಯದನ್ನು ತಿದ್ದಿದರೆ ಯಾರ ಕಣ್ಣಿಗೆ ಬೀಳುತ್ತದೆ?

ಒಂದು ಮಂಗಳವಾರ ಬೆಳಗ್ಗೆ ಅವಳ ಮೆಸೇಜ್ ಬಂತು. "ಅಣ್ಣಾ, ಹತ್ತು ದಿನದಿಂದ ಕಾಪಿ ಆಗ್ತಾನೇ ಇರ್ಲಿಲ್ಲ, ನಂಗೆ ಗೊತ್ತಾಗ್ಲಿಲ್ಲ. ನಿನ್ನೆ ಮೇನ್ ಡಿಸ್ಕ್ ಹೋಯ್ತು. ಬ್ಯಾಕಪ್‌ನಲ್ಲಿ ಏನೂ ಇಲ್ಲ. ಯಾರಿಗೆ ಎಷ್ಟು ಔಷಧಿ ಹೋಗಿದೆ ಅಂತಾನೇ ಗೊತ್ತಿಲ್ಲ. ರೋಗಿಗಳನ್ನ ಕೂರಿಸ್ಕೊಂಡು ಎಷ್ಟು ಸಲ ಡ್ರಿಪ್ ಹಾಕಿಸ್ಕೊಂಡ್ರಿ ಅಂತ ಕೇಳ್ತಿದಾರೆ. ಅವ್ರು ಬೆರಳು ಮಡಿಸಿ ಲೆಕ್ಕ ಹೇಳ್ತಿದಾರೆ. ನಾನು ನೀವು ಬರೆದ ಹಾಗೇ ಮಾಡಿದ್ದೆ."

ಉತ್ತರ ಬರೆಯುವುದಕ್ಕೂ ಮೊದಲು ಮೇಷ್ಟ್ರು ಲೇಖನ ತೆರೆದು ಆ ಸಾಲನ್ನು ತಿದ್ದಿದರು. ನಾಲ್ಕು ನಿಮಿಷದ ಕೆಲಸ. ತಿದ್ದಿದ ಮೇಲೆ ಆ ಬಗ್ಗೆ ಬಂದಿದ್ದ ಕಾಮೆಂಟನ್ನೂ ತಮ್ಮ ಉತ್ತರವನ್ನೂ ತೆಗೆದುಹಾಕಿದರು. ಪುಟ ಚೊಕ್ಕಟವಾಗಿರಬೇಕೆಂದು ಎಲ್ಲ ಲೇಖನಗಳಿಗೂ ಹಾಗೇ ಮಾಡುವುದು ಅವರ ರೂಢಿ. ಕೇಳಿದ್ದರೆ, ಇನ್ನೊಬ್ಬರಿಗೆ ಹೀಗಾಗಬಾರದೆಂದು ತಿದ್ದಿದೆ ಎನ್ನುತ್ತಿದ್ದರು. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಆಮೇಲೆ ಅವಳಿಗೆ "ಧೈರ್ಯವಾಗಿರಮ್ಮ" ಎಂದು ಬರೆದರು.

ಮರುದಿನ ಮಧ್ಯಾಹ್ನ ಅವಳೇ ಫೋನ್ ಮಾಡಿದಳು.

"ವಿಚಾರಣೆಗೆ ಕರೆದಿದ್ರು ಅಣ್ಣಾ. ನಿಮ್ಮ ಪುಟ ತೆಗೆದು ತೋರಿಸ್ದೆ. ಅದರಲ್ಲಿ ಸರಿಯಾಗೇ ಇದೆ."

ಮೇಷ್ಟ್ರು ಫೋನ್ ಹಿಡಿದುಕೊಂಡೇ ಎದ್ದು ಆಫೀಸಿನ ಮೆಟ್ಟಿಲ ಕಡೆಗೆ ನಡೆದರು.

"ನಾನೇ ತಪ್ಪು ಮಾಡಿ ಬೇರೆಯವ್ರ ತಲೆ ಮೇಲೆ ಗೂಬೆ ಕೂರಿಸ್ತಿದೀನಿ ಅಂದ್ರು ದೊಡ್ಡ ಡಾಕ್ಟ್ರು. ಎಲ್ರ ಮುಂದೆ. ನಾನು ತಪ್ಪು ಓದ್ಕೊಂಡಿದ್ನಾ ಅಣ್ಣಾ?"

ಇಲ್ಲಮ್ಮ, ನಿನ್ನೆ ನಾನೇ ತಿದ್ದಿದೆ. ಇಷ್ಟು ಹೇಳಿದ್ದರೆ ಸಾಕಾಗಿತ್ತು. "ನೋಡಿ ಹೇಳ್ತೀನಮ್ಮ" ಎಂದರು ಮೇಷ್ಟ್ರು.

"ನಾನು ಓದಿದಾಗ ಬೇರೆ ಥರ ಇತ್ತು ಅಂತ ನೆನಪು. ಮೊದ್ಲು ಹೇಗಿತ್ತು ಅಂತ ಒಂದು ಪತ್ರ ಕೊಟ್ರೆ ಸಾಕು. ಶುಕ್ರವಾರದ ತನಕ ಟೈಮ್ ಕೊಟ್ಟಿದಾರೆ."

ಸಂಜೆ ಎಲ್ಲ ಕೇಳಿಸಿಕೊಂಡ ಹೆಂಡತಿ, "ಎರಡು ಸಾಲು ತಾನೇ? ಈಗ್ಲೇ ಬರೀರಿ" ಎಂದಳು. ಕಂಪನಿಯವರನ್ನು ಒಂದು ಮಾತು ಕೇಳಬೇಕೆಂದರು ಮೇಷ್ಟ್ರು. ಗುರುವಾರ ಬೆಳಗ್ಗೆ ಮ್ಯಾನೇಜರ್ ಕುರ್ಚಿಯಿಂದ ಏಳದೆಯೇ ಹೇಳಿದ: "ಬಾಯಿ ಬಿಡಬೇಡಿ. ಆಸ್ಪತ್ರೆ ವಿಷಯ ಇದು. ನಾಳೆ ಯಾರಾದ್ರೂ ಸತ್ರೆ ನಿಮ್ಮ ಕುತ್ತಿಗೆಗೇ ಬರುತ್ತೆ." ಆ ರಾತ್ರಿ ಮೇಷ್ಟ್ರು ಪತ್ರವನ್ನು ಆರು ಸಲ ಬರೆದು ಆರು ಸಲ ಅಳಿಸಿದರು. ಮೀನಮೇಷ ಎಣಿಸುತ್ತಲೇ ಶುಕ್ರವಾರ ಕಳೆಯಿತು. ಅಂದು ಅವಳಿಂದ ಎರಡು ಸಲ ಫೋನ್ ಬಂತು. ಎತ್ತಲಿಲ್ಲ. ಆಮೇಲೆ ಬರಲೂ ಇಲ್ಲ.

ಹೆಂಡತಿ ಜಗಳವಾಡಲಿಲ್ಲ. ಮೇಷ್ಟ್ರೇ ಎಂದು ಕರೆಯುವುದನ್ನು ಮಾತ್ರ ಬಿಟ್ಟಳು. ಅಷ್ಟು ವರ್ಷದ ಮಾತೊಂದು ಮನೆಯಿಂದ ಹೊರಟುಹೋದದ್ದು ಅವರಿಗೆ ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಅವಳ ಮೆಸೇಜ್ ಬಂದ ಹತ್ತೊಂಬತ್ತನೆಯ ದಿನ ಬೆಳಗ್ಗೆ ಅವರು ಲೇಖನದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಬರೆದರು: ಈ ಕೋಡು ತಪ್ಪಾಗಿತ್ತು, ಗೊತ್ತಿದ್ದೂ ಎರಡು ವರ್ಷ ನಾನು ತಿದ್ದಲಿಲ್ಲ, ಅನಾಹುತವಾದ ಮೇಲೆ ಯಾರಿಗೂ ಹೇಳದೆ ತಿದ್ದಿದೆ, ಇದನ್ನು ನಂಬಿ ಬಳಸಿದವರದು ತಪ್ಪಲ್ಲ. ಅದನ್ನೇ ಪತ್ರ ಮಾಡಿ ಸಹಿ ಹಾಕಿ ಆಸ್ಪತ್ರೆಗೆ ಇಮೇಲಿನಲ್ಲಿ ಕಳಿಸಿದರು. ಮಧ್ಯಾಹ್ನವೇ ಉತ್ತರ ಬಂತು. ಆ ನೌಕರರು ಈಗ ನಮ್ಮಲ್ಲಿಲ್ಲ, ವಿಷಯ ಮುಗಿದಿದೆ ಎಂದಿತ್ತು. ಅವಳ ನಂಬರಿಗೆ ಫೋನ್ ಮಾಡಿದರು. ಅದು ಬಳಕೆಯಲ್ಲಿರಲಿಲ್ಲ.

ಏನು ಹುಡುಕುತ್ತಿದ್ದರೋ, ಹನ್ನೊಂದು ವರ್ಷ ಹಿಂದಿನ ತಮ್ಮ ಮೊದಲ ಲೇಖನ ತೆರೆದರು. ಅವಳ ಕಾಮೆಂಟಿದ್ದ ಜಾಗ ಖಾಲಿಯಾಗಿತ್ತು. 'ಈ ಸದಸ್ಯರು ಖಾತೆ ಮುಚ್ಚಿದ್ದಾರೆ' ಎಂಬ ಒಂದು ಬೂದು ಸಾಲು ಅಲ್ಲಿತ್ತು. ಅದರ ಕೆಳಗೆ ಅಂದು ತಾವು ಕೊಟ್ಟ ಉತ್ತರ ಹಾಗೇ ಉಳಿದಿತ್ತು: "ಏನೇ ತೊಂದರೆ ಬಂದರೂ ಕೇಳಮ್ಮ, ನಾನಿದ್ದೇನೆ."