ಕಂದೀಲಿನ ಉಡಿ

ಹುಣಸೆಹಣ್ಣಿನಿಂದ ತಿಕ್ಕಿದ ಹಿತ್ತಾಳೆಗೆ ಒಂದು ಹುಳಿ ವಾಸನೆ ಇರುತ್ತದೆ. ಇಂದು ಬೆಳಿಗ್ಗೆ ಹಿತ್ತಲಿನಲ್ಲಿ ಕುಳಿತು ಹಳೆಯ ರೈಲ್ವೆ ಕಂದೀಲನ್ನು ತಿಕ್ಕುತ್ತಿದ್ದಾಗ, ಆ ವಾಸನೆಯ ಬೆನ್ನಿಗೇ ಪಕ್ಕದ ಮನೆಯ ಹಿರಿಯರು ನೆನಪಾದರು...

ಬೆಳಗಾವಿಯ ಕೋಟೆಯ ಸಮೀಪ ನಾವು ಬಹುಕಾಲ ನೆರೆಯವರಾಗಿದ್ದೆವು. ಅವರು ಮಚ್ಛೆಯಲ್ಲಿ ಸಣ್ಣದೊಂದು ಲೇತ್ ಕಾರ್ಖಾನೆ ನಡೆಸಿದವರು. ಹುಟ್ಟಿದ್ದು ಖಾನಾಪುರದಾಚೆಯ ಗುಂಜಿಯಲ್ಲಿ. ತಂದೆ ಅಲ್ಲಿಯ ನಿಲ್ದಾಣದಲ್ಲಿ ಕಂದೀಲು ತೋರಿಸಿ ಗಾಡಿ ಬಿಡುತ್ತಿದ್ದರಂತೆ. ಮುಪ್ಪಿನಲ್ಲಿ ಈ ಹಿರಿಯರು ಇಂಗ್ಲೆಂಡಿನ ಹಳೆವಸ್ತು ವ್ಯಾಪಾರಿಯೊಬ್ಬನ ಬಳಿ ಅಂಥದೇ ಕಂದೀಲನ್ನು ಮೊಬೈಲಿನಲ್ಲಿ ಕಂಡರು. ಅದು ತಮ್ಮ ತಂದೆಯದೇ, ಬುಡದ ತಗ್ಗು ಬಾಲ್ಯದಲ್ಲಿ ತಮ್ಮ ಕೈಯಿಂದ ಬಿದ್ದಾಗ ಆದದ್ದು ಎಂದು ಹಟ ಹಿಡಿದು ತರಿಸಿದರು.

ನಾನು ಒಪ್ಪಲಿಲ್ಲ. ಅದರ ಮೇಲಿದ್ದುದು ರೈಲು ಕಂಪನಿಯ ಅಕ್ಷರಗಳೇ ಹೊರತು ಊರಿನ ಹೆಸರಲ್ಲ. ತಗ್ಗು ಯಾವ ಕಂದೀಲಿಗಿಲ್ಲ?

ಅಂಚೆಯವನು ಪೆಟ್ಟಿಗೆ ತಂದು ಸುಂಕ ಕೇಳಿದ ದಿನ ನಾನು ಅವರ ಕಟ್ಟೆಯ ಮೇಲೆಯೇ ಇದ್ದೆ. ಸುಂಕ ಕಡಿಮೆಯಿರಲಿಲ್ಲ. ಆದರೆ ಅವರನ್ನು ತಡೆದದ್ದು ‘ಆಮದು’ ಎಂಬ ಶಬ್ದ.

“ಆಮದು ಅಂದ್ರ ಪರರದ್ದು ಬರೂದು. ಇದು ನಮ್ಮದ, ಮನಿಗಿ ವಾಪಸ್ ಬಂದೈತಿ. ಇದಕ್ಕೆಂಥಾ ಸುಂಕ?”

“ಖರೇ ಇರಬಹುದ್ರೀ ಅಜ್ಜಾರ. ಆದ್ರ ಕಟ್ಟದಿದ್ರ ತಿರುಗಿ ಇಂಗ್ಲೆಂಡಿಗೇ ಹೊಕ್ಕೈತಿ,” ಎಂದ ಅಂಚೆಯವನು.

ನಾನು ಕೆಣಕಿದೆ: “ಕಟ್ಟಿದ್ರ ಪರದೇಶದ್ದಂತ ನೀವ ಒಪ್ಪಿಕೊಂಡಂಗ ಆತು, ನೋಡ್ರಿ.”

ಕಿಸೆಗೆ ಹೋದ ಅವರ ಕೈ ಅಲ್ಲೇ ನಿಂತಿತು. ಅಂಚೆಯವನು ಪೆಟ್ಟಿಗೆಯನ್ನು ಮತ್ತೆ ಎತ್ತಿಕೊಂಡ. ಆಗ ಹಿರಿಯರ ಹೆಂಡತಿ ಒಳಗಿನಿಂದ ಅಕ್ಕಿ, ಕುಪ್ಪಸದ ಖಣ, ತೆಂಗಿನಕಾಯಿ ಹಿಡಿದು ಬಂದರು.

“ಸುಂಕ ಅಂತ ಯಾಕ ತಿಳಕೋತೀರಿ? ತವರಿಗೆ ಬಂದ ಮಗಳಿಗೆ ಉಡಿ ತುಂಬೂದಿಲ್ಲೇನು? ಹಂಗ ತಿಳದು ಕೊಡ್ರಿ.”

ಅಂಚೆಯವನು ನಕ್ಕ. “ಉಡಿ ಅಂತನ ಕೊಡ್ರಿ ಅಮ್ಮಾರ. ರಸೀದಿ ಮಾತ್ರ ಸುಂಕದ್ದ ಸಿಗತೈತಿ.”

ಹಿರಿಯರು ನಗಲಿಲ್ಲ. ಎರಡೂ ಕೈಯಿಂದ ಹಣ ಕೊಟ್ಟು, ಎರಡೂ ಕೈಯಿಂದ ಪೆಟ್ಟಿಗೆ ತೆಗೆದುಕೊಂಡರು.

ಮುಂದೆ ಒಂದು ಸಂಜೆ ನನ್ನನ್ನೂ ಗುಂಜಿಗೆ ಕರೆದೊಯ್ದರು. ಗೂಡ್ಸ್ ಗಾಡಿಯೊಂದು ನಿಲ್ಲದೆ ದಾಟಿಹೋದ ಮೇಲೆ, ಕಂದೀಲು ಹೊತ್ತಿಸಿ, ಹಸಿರು ಗಾಜನ್ನು ಕಾಡಿನ ಕಡೆಗೆ ತಿರುಗಿಸಿ ನಿಂತರು. ಯಾರಿಗೆ ತೋರಿಸಿದರೋ...

ಅವರು ತೀರಿಕೊಂಡ ಮೇಲೆ, ಓಣಿಯಲ್ಲಿ ಎಲ್ಲರೂ ಮುದುಕ ಮೋಸ ಹೋದನೆಂದೇ ಆಡಿಕೊಂಡರು. ಆ ಮಾತನ್ನೂ ನಾನು ನಂಬಲಿಲ್ಲ. ಅವರ ಹೆಂಡತಿ ಕಂದೀಲನ್ನು ತಂದು ನನ್ನ ಮುಂದಿಟ್ಟರು.

“ನಂಬದವರ ಮನಿಯೊಳಗ ಇರ್ಲಿ, ದಿನಾ ನೋಡಿದ್ರ ನಂಬತಾರ ಅಂತ ಹೇಳಿ ಹೋಗ್ಯಾರ, ಅಣ್ಣಾರ.”

ದಿನವೂ ನೋಡುತ್ತೇನೆ. ಅದು ಗುಂಜಿಯದೆಂದು ಇಂದಿಗೂ ಒಪ್ಪಿಲ್ಲ. ತಿಕ್ಕುವಾಗ ಬುಡದ ಆ ತಗ್ಗಿನ ಮೇಲೆ ಮಾತ್ರ ಕೈ ಮೆಲ್ಲಗಾಗುತ್ತದೆ. ‘ಅಲ್ಲ’ ಎನ್ನಲು ಬಾಯಿ ತೆರೆಯುತ್ತೇನೆ. ಗೋಡೆಯಾಚೆ ‘ಹೌದು’ ಎನ್ನುವವರಿಲ್ಲ...