ಕಥೆ ಹೇಳದೆ ಕಾರ್ಡು ಇಳಿಸುವಂತಿಲ್ಲ

ನನ್ನ ತಮ್ಮ ಕಾಮಾಲೆಯಾಗಿ ತೀರಿಕೊಂಡ. ಎರಡು ತಿಂಗಳ ಮೇಲೆ ಅವನ ಆಟದ ಕಾರ್ಡುಗಳನ್ನು ಹೊರಗೆ ತೆಗೆದೆ. ಒಟ್ಟು ಮೂವತ್ತೆರಡು. ಹೈಸ್ಕೂಲಿನಲ್ಲಿದ್ದಾಗ ತಿಪಟೂರು ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಒಂದೊಂದೇ ಪೊಟ್ಟಣ ಕೊಂಡು ಕೂಡಿಸಿದ್ದ. ಪ್ರತಿ ಕಾರ್ಡಿನಲ್ಲೂ ಒಂದು ವಿಚಿತ್ರ ಪ್ರಾಣಿಯದೋ ಯೋಧನದೋ ಚಿತ್ರ, ಅದರ ಬಲ ತೋರಿಸುವ ನಂಬರು, ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಅದರ ಕಥೆ. ಆ ಇಂಗ್ಲಿಷ್ ಅವನಿಗೆ ತಿಳಿಯುತ್ತಿರಲಿಲ್ಲ. ಚಿತ್ರ ನೋಡಿ ತಾನೇ ಕಥೆ ಕಟ್ಟುತ್ತಿದ್ದ.

ಅವನ ಜೊತೆ ಆಡುತ್ತಿದ್ದವನು ಒಬ್ಬನೇ, ತುರುವೇಕೆರೆಯಲ್ಲಿ ಬೈಕ್ ರಿಪೇರಿ ಮಾಡುವ ಗೆಳೆಯ. ಅವನ ಹತ್ತಿರವೂ ಅಷ್ಟೇ ಕಾರ್ಡುಗಳಿದ್ದವು. ಇಬ್ಬರಿಗೂ ಮೂವತ್ತು ದಾಟಿದರೂ ಭಾನುವಾರ ಮಧ್ಯಾಹ್ನದ ಆಟ ನಿಲ್ಲಲಿಲ್ಲ. ಅವರದೊಂದು ನಿಯಮವಿತ್ತು: ಕಥೆ ಹೇಳದೆ ಕಾರ್ಡು ಇಳಿಸುವಂತಿಲ್ಲ. ಸೋಲು ಗೆಲುವು ಕೂಡ ಕಥೆಯ ಪ್ರಕಾರವೇ.

ಈ ನಿಯಮ ಬಂದದ್ದು ಕೊಂಬಿನ ದುಂಬಿಯಿಂದ. ಆ ಕಾರ್ಡಿಗೆ ಎಲ್ಲಕ್ಕಿಂತ ದೊಡ್ಡ ನಂಬರು. ಗೆಳೆಯ ಅದನ್ನು ಮೊದಲ ಸಲ ಇಳಿಸಿದಾಗ ನಾನು ಅಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ.

"ಇವ್ನು ಕಾಡು ಕಾಯೋ ವೀರ ಕಣ್ಲಾ," ಎಂದ ಗೆಳೆಯ.

"ತೆಂಗಿನ ಸುಳಿ ಕೊರೆಯೋನು ಯಾವ ಸೀಮೆ ವೀರ ಬುಡ್ಲಾ! ಕಳ್ಳ ಅವ್ನು," ಎಂದ ತಮ್ಮ, ಈಟಿ ಹಿಡಿದ ಮುದುಕಿಯ ಕಾರ್ಡು ಇಳಿಸಿದ. ಅವಳ ನಂಬರು ತೀರಾ ಚಿಕ್ಕದು. "ಇದು ಈಟಿ ಅಲ್ಲ, ಕೊಕ್ಕೆ. ಮರ ಹತ್ತಿ ಇವ್ನನ್ನ ಸುಳಿಯಿಂದ ಕಿತ್ತು ಬಿಸಾಕ್ತಾಳೆ ನೋಡು."

"ನಂಬರ್ ನೋಡ್ಲಾ, ನಂಬರು!" ಎಂದು ಗೆಳೆಯ ಕೂಗಾಡಿದ. ಕೊನೆಗೆ ನ್ಯಾಯ ಹೇಳಲು ನನ್ನನ್ನು ಕರೆದರು. ನಮ್ಮದೂ ತೆಂಗಿನ ತೋಟ. ಮುದುಕಿಯೇ ಗೆದ್ದಳು ಎಂದೆ. ಅಂದಿನಿಂದ ನಂಬರು ಲೆಕ್ಕಕ್ಕಿಲ್ಲ, ಕಥೆಯೇ ಲೆಕ್ಕ.

ಕಥೆ ಇಲ್ಲದಿದ್ದರೆ ಅವು ಬರೀ ರಟ್ಟು. ತಮ್ಮ ಒಂದನ್ನೂ ಬರೆದಿಟ್ಟಿರಲಿಲ್ಲ. ನಾನು ಮರೆಯುವ ಮೊದಲು ಎಲ್ಲವನ್ನೂ ಬರೆಯಲೇಬೇಕೆಂದು ನೋಟ್‌ಬುಕ್ ತಂದೆ. ನೆನಪಿದ್ದದ್ದು ಇಪ್ಪತ್ತಾರು. ಉಳಿದ ಆರಕ್ಕಾಗಿ ನಮ್ಮೂರ ಹತ್ತಿರದ ದಬ್ಬೇಘಟ್ಟದಲ್ಲಿ ಬಸ್ಸು ಹತ್ತಿ ಗೆಳೆಯನ ಗ್ಯಾರೇಜಿಗೆ ಹೋದೆ. ಅವನು ಕೈಯ ಗ್ರೀಸು ಒರೆಸಿಕೊಂಡು ಐದು ಕಥೆ ಹೇಳಿದ. ನಡುವೆ ಎರಡು ಸಲ ಎದ್ದು ಹೋಗಿ, ಆಗಲೇ ಬಿಗಿಯಾಗಿದ್ದ ಬೋಲ್ಟನ್ನು ಮತ್ತೆ ಬಿಗಿ ಮಾಡಿ ಬಂದ.

ಉಳಿದದ್ದು ಒಂಟಿ ಕೊಂಬಿನ ಟಗರು.

"ಇದನ್ನ ಅವ್ನು ಇಳಿಸ್ತಾನೇ ಇರಲಿಲ್ಲ ಕಣಕ್ಕ. ಇರಿ, ಫೋನಲ್ಲಿ ಫೋಟೋ ಹಿಡಿದ್ರೆ ಕನ್ನಡ ಮಾಡಿ ತೋರಿಸ್ತದೆ," ಎಂದ. ಉತ್ತರದ ಹಿಮಬೆಟ್ಟದ ರಾಜನ ವಾಹನ ಎಂದು ಫೋನು ತೋರಿಸಿತು.

"ಬೇಡ. ಅದು ಕಂಪನಿಯೋರ ಕಥೆ," ಎಂದೆ.

"ಹಂಗಾದ್ರೆ ಅದೊಂದು ಬುಟ್ಬುಡಿ ಅಕ್ಕ."

"ಬಿಡಲ್ಲ. ಭಾನುವಾರ ನಿನ್ನ ಕಾರ್ಡು ತಗೊಂಡು ಬಾ. ಅವನ ಜಾಗದಲ್ಲಿ ನಾನು ಆಡ್ತೀನಿ."

ಬಂದ. ಜಗಲಿಯ ಮೇಲೆ ಕೂತೆವು. ನೋಟ್‌ಬುಕ್ ನೋಡಿಕೊಂಡು ಒಂದೊಂದೇ ಕಥೆ ಒಪ್ಪಿಸಿದೆ. ಟಗರಿನ ಸರದಿ ಬಂದಾಗ ನೋಡಲು ಏನೂ ಇರಲಿಲ್ಲ.

"ಇದು ಹುಳಿಯಾರು ಕಡೆ ಹಿಂಡಿಂದು," ಎಂದೆ. "ಲಾರಿಗೆ ಹಾಯ್ದು ಒಂದು ಕೊಂಬು ಮುರೀತು. ಆದ್ರೂ ಹಿಂದಕ್ಕೆ ಹೋಗಿದ್ದು ಲಾರಿನೇ. ರಸ್ತೆ ಮಧ್ಯೆ ನಿಂತ್ರೆ ಯಾರೂ ಇದನ್ನ ಕದಲ್ಸಕಾಗಲ್ಲ."

"ಯಾರನ್ನ ಸೋಲಿಸ್ತದೆ?"

"ಯಾರನ್ನೂ ಇಲ್ಲ. ಇದನ್ನೂ ಯಾರೂ ಸೋಲಿಸಕಾಗಲ್ಲ."

"ಅಯ್ಯಯ್ಯೋ, ಇದೆಂಥಾ ಮೋಸ ಅಕ್ಕ! ಅವ್ನೂ ಹಿಂಗೇ, ಸೋಲೋ ಹೊತ್ಗೆ ಹೊಸಾ ಕಥೆ ತೆಗೀತಿದ್ದ."

ಬಹಳ ಹೊತ್ತು ಜಗಳವಾಡಿದೆವು. ಟಗರು ಮೂರು ಸುತ್ತು ನಿಲ್ಲುತ್ತದೆ, ನಾಲ್ಕನೆಯದಕ್ಕೆ ಹಸಿವಾಗಿ ಮೇಯಲು ಹೊರಡುತ್ತದೆ ಎಂದು ತೀರ್ಮಾನವಾಯಿತು. ಹಾಗೆಯೇ ಬರೆದುಕೊಂಡೆ. ಕೆಳಗೆ, ಇದು ತಮ್ಮ ಹೇಳಿದ್ದಲ್ಲ, ನಾನು ಕಟ್ಟಿದ್ದು ಎಂದೂ ಸೇರಿಸಿದೆ. ಅವನದಲ್ಲದ್ದನ್ನು ಅವನ ಹೆಸರಿಗೆ ಬರೆಯಲು ಮನಸ್ಸು ಒಪ್ಪಲಿಲ್ಲ.

ಆಟದಲ್ಲಿ ನಾನು ಸೋತೆ. ಆದರೆ ಮೂವತ್ತೆರಡು ಕಾರ್ಡನ್ನೂ ಕಥೆ ಹೇಳಿಯೇ ಇಳಿಸಿದ್ದೆ.