ಅಕ್ಕನ ಮಗುವಿನ ಫೈಲು

ನಾನು ಹಾಸನದಲ್ಲಿ ಓದಿದ ಡಿಗ್ರಿಯ ಹೆಸರು ಹೆಲ್ತ್ ಇನ್ಫರ್ಮೇಷನ್ ಮ್ಯಾನೇಜ್‌ಮೆಂಟ್. ಹರದನಹಳ್ಳಿಯಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಲು ನನ್ನಿಂದ ಆಗಲಿಲ್ಲ. ‘ನರ್ಸಾ?’ ಎನ್ನುತ್ತಿದ್ದರು. ಅಲ್ಲ. ‘ಅಂಗಾರೆ ರಕ್ತ ಪರೀಕ್ಸೆ ಮಾಡೋದಾ?’ ಅದೂ ಅಲ್ಲ. ರೋಗಿ ಆಸ್ಪತ್ರೆಗೆ ಸೇರಿದ ಗಳಿಗೆಯಿಂದ ಹೊರಗೆ ಹೋಗುವವರೆಗೆ ಡಾಕ್ಟರು, ನರ್ಸುಗಳು ಬರೆದ ಕಾಗದಗಳನ್ನೆಲ್ಲ ಜೋಡಿಸಿ, ಕಾಯಿಲೆಗೊಂದು ಕೋಡ್ ನಂಬರು ಕೊಟ್ಟು, ಕಂಪ್ಯೂಟರಿಗೆ ಏರಿಸಿ, ಬೇಕೆಂದಾಗ ಸಿಗುವ ಹಾಗೆ ಕಾಪಾಡುವ ಕೆಲಸ ಎಂದು ವಿವರಿಸಿದಾಗ ಅಪ್ಪ ನಕ್ಕು, ‘ಅಂದ್ರೆ ಆಸ್ಪತ್ರೆ ಶ್ಯಾನುಬೋಗ್ಕೆ ಅನ್ನು’ ಎಂದಿದ್ದರು. ಊರಿನಲ್ಲಿ ಅದೇ ನಿಂತಿತು.

ಮೂರನೆಯ ವರ್ಷ ನಮ್ಮನ್ನು ಹಾಸನದ ಒಂದು ದೊಡ್ಡ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ತರಬೇತಿಗೆ ಹಾಕಿದರು. ನೆಲಮಾಳಿಗೆಯಲ್ಲಿ ಸಾಲು ಸಾಲು ಕಬ್ಬಿಣದ ರ್‍ಯಾಕುಗಳು, ಹಳೆಯ ಕಾಗದದ ವಾಸನೆ, ಹಗಲಲ್ಲೂ ಉರಿಯುವ ಟ್ಯೂಬ್‌ಲೈಟು. ವಿಭಾಗದ ಮುಖ್ಯಸ್ಥೆಯನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಮೊದಲ ದಿನವೇ ಅವರು ಹೇಳಿದ್ದರು: ‘ಇಲ್ಲಿ ಓದಿದ್ದನ್ನ ಇಲ್ಲೇ ಬಿಟ್ಟು ಮನೆಗೆ ಹೋಗ್ಬೇಕು. ನಿಮಗೆ ಗೊತ್ತಿರೋರ ಫೈಲು ಕೈಗೆ ಬಂದ್ರೆ ತೆರೀಬೇಡಿ, ನಂಗೆ ತಂದ್ಕೊಡಿ.’ ಇದೇ ವಿಷಯದ ಮೇಲೆ ಪರೀಕ್ಷೆಯಲ್ಲಿ ಮೂರು ಪುಟ ಬರೆದು ಒಳ್ಳೆಯ ಅಂಕ ತೆಗೆದುಕೊಂಡವಳು ನಾನು.

ಆ ಚಳಿಗಾಲ ಹಳೆಯ ಫೈಲುಗಳನ್ನೆಲ್ಲ ಕೋಡ್ ಮಾಡಿ ಸ್ಕ್ಯಾನ್‌ಗೆ ಕಳಿಸುವ ಕೆಲಸ ನಡೆಯುತ್ತಿತ್ತು. ನನ್ನ ಪಾಲಿಗೆ ಹಸುಗೂಸುಗಳ ಕಟ್ಟು ಬಂತು. ಹುಟ್ಟಿದ ಮಗುವಿಗೆ ಇನ್ನೂ ಹೆಸರಿರುವುದಿಲ್ಲವಲ್ಲ, ಫೈಲಿನ ಮೇಲೆ ತಾಯಿಯ ಹೆಸರು ಬರೆದು ‘ಇವರ ಮಗು’ ಎಂದಿರುತ್ತದೆ. ಒಂದು ಬೆಳಿಗ್ಗೆ ಹೊಸ ಕಟ್ಟು ಬಿಚ್ಚಿ ನಾಲ್ಕನೆಯ ಫೈಲು ಎತ್ತಿಕೊಂಡಾಗ ಅದರ ಮೇಲೆ ನನ್ನ ಅಕ್ಕನ ಹೆಸರಿತ್ತು. ಕೆಳಗೆ ಭಾವನ ಹೆಸರು, ದಂಡಿಗನಹಳ್ಳಿ ಪಕ್ಕದ ಅವರ ಊರು.

ಅಕ್ಕನ ಮೊದಲ ಮಗು ಉಳಿಯಲಿಲ್ಲ ಎಂದು ನನಗೆ ಗೊತ್ತಿತ್ತು. ಆಗ ನಾನು ಎಂಟನೇ ಕ್ಲಾಸು. ಎಂಟು ತಿಂಗಳಿಗೇ ಬಿ.ಪಿ. ಏರಿ, ಫಿಟ್ಸ್ ಬಂದು, ಚನ್ನರಾಯಪಟ್ಟಣದಿಂದ ಆಂಬುಲೆನ್ಸಿನಲ್ಲಿ ಹಾಸನಕ್ಕೆ ಕರೆತಂದಿದ್ದರು. ಅವಳಿಗೆ ಪ್ರಜ್ಞೆ ಬಂದದ್ದು ನಾಲ್ಕನೆಯ ದಿನ. ಮಗು ಹೊಟ್ಟೆಯಲ್ಲೇ ಹೋಗಿತ್ತು ಎಂದು ಅವಳಿಗೂ ಹೇಳಿದರು, ನನಗೂ ಹೇಳಿದರು. ಆಸ್ಪತ್ರೆಯ ಕಾಗದಗಳು ಇಂಗ್ಲಿಷಿನಲ್ಲಿದ್ದವು. ಭಾವ ಅವನ್ನು ತಮ್ಮ ಹತ್ತಿರವೇ ಇಟ್ಟುಕೊಂಡರು.

ಆದರೆ ಸತ್ತು ಹುಟ್ಟಿದ ಮಗುವಿಗೆ ಬೇರೆ ಫೈಲು ಮಾಡುವುದಿಲ್ಲ. ಅದರ ವಿವರ ತಾಯಿಯ ಫೈಲಿನಲ್ಲೇ ಸೇರಿರುತ್ತದೆ. ಎರಡನೆಯ ವರ್ಷದಲ್ಲಿ ಕಲಿತಿದ್ದೆ. ಹಾಗಾಗಿ ಆ ಫೈಲು ತೆರೆಯುವ ಮೊದಲೇ ಮಗು ಜೀವಂತ ಹುಟ್ಟಿತ್ತೆಂದು ನನಗೆ ಗೊತ್ತಾಯಿತು.

ಮೇಡಂಗೆ ಕೊಡಬೇಕಿತ್ತು. ಕೊಡಲಿಲ್ಲ, ತೆರೆದೆ. ಗಂಡು. ಒಂದು ಕೇಜಿ ಇನ್ನೂರು ಗ್ರಾಂ. ಹುಟ್ಟಿದ ತಕ್ಷಣ ಅತ್ತಿದೆ. ಎರಡು ದಿನ ನರ್ಸುಗಳು ಗಂಟೆಗೊಂದು ಸಾಲು ಬರೆದಿದ್ದಾರೆ. ಮೂರನೆಯ ದಿನ ಬೆಳಿಗ್ಗೆ ಸಾಲುಗಳು ನಿಂತಿವೆ. ಕೊನೆಯ ಹಾಳೆಯಲ್ಲಿ ದೇಹ ತೆಗೆದುಕೊಂಡವರ ಸಹಿ ಇತ್ತು. ಅದು ಅಪ್ಪನ ಸಹಿ.

ಫೈಲು ಹಿಡಿದುಕೊಂಡು ಹೋಗಿ ಮೇಡಂ ಮುಂದೆ ನಿಂತು ಓದಿಬಿಟ್ಟೆ ಎಂದೆ. ಅವರು ಕೂಗಾಡಲಿಲ್ಲ. ನೀರು ಕೊಟ್ಟು ಕೂರಿಸಿ, ‘ನೀನು ತೆರೆದಿದ್ದು ತಪ್ಪು, ಅದನ್ನ ನಿನ್ನ ತರಬೇತಿ ಪುಸ್ತಕದಲ್ಲಿ ಬರೀತೀನಿ’ ಎಂದರು. ಬರೆದರು ಕೂಡ. ಆಮೇಲೆ, ‘ಇದು ನಿನ್ನ ವಿಷಯ ಅಲ್ಲ, ನಿಮ್ಮಕ್ಕಂದು. ಅವರು ಬಂದು ಅರ್ಜಿ ಕೊಟ್ರೆ ನಾನೇ ತೋರಿಸ್ತೀನಿ. ನೀನು ಹೇಳ್ಕೂಡ್ದು’ ಎಂದರು.

‘ಕೇಳೋಕೆ ಏನಾದ್ರೂ ಇದೆ ಅಂತಾನೇ ಅವಳಿಗೆ ಗೊತ್ತಿಲ್ಲ ಮೇಡಂ.’

ಅವರು ಫೈಲನ್ನು ತಮ್ಮ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು.

ಶನಿವಾರ ಊರಿಗೆ ಹೋದೆ. ಅವ್ವ ಹಿತ್ತಲ ಬಾಗಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಬೋಗುಣಿಗೆ ಕೈ ಹಾಕಿದೆ. ಹಿದುಕುತ್ತಲೇ ಕೇಳಿದೆ.

‘ಅವ್ವ, ಅಕ್ಕನ ಮೊದ್ಲುನ್ ಕೂಸು ಸತ್ತೇ ಉಟ್ಟಿತ್ತಾ?’

ಅವಳ ಕೈ ನಿಂತಿತು. ‘ಯಾರ್ ಯೋಳುದ್ರು ನಿಂಗೆ?’

‘ಯಾರೂ ಯೋಳ್ನಿಲ್ಲ. ಕಾಗ್ದ ನೋಡ್ದೆ.’

ಅವ್ವ ಮತ್ತೆ ಕಾಳು ಹಿದುಕತೊಡಗಿದಳು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ‘ಎಲ್ಡ್ ದಿನ ಇತ್ತು ಕಣವ್ವ’ ಎಂದಳು. ‘ಗಾಜಿನ್ ಪೆಟ್ಗೇಲಿ ಮಲಗ್ಸಿದ್ರು. ಒಂದೇ ಒಂದ್ಸಲ ನನ್ನ ಒಳಕ್ ಬುಟ್ರು. ಬೆರಳು ಕೊಟ್ರೆ ಇಡ್ಕತ್ತು.’

‘ಮತ್ಯಾಕೆ ಅಂಗಂದ್ರಿ?’

‘ಅವ್ಳು ಕಣ್ ಬುಡ್ತಿದ್ದಂಗೆ ಕೂಸೆಲ್ಲವ್ವ ಅಂದ್ಲು. ಇತ್ತು, ಓಯ್ತು ಅಂದ್ರೆ, ನಾನ್ ನೋಡ್ನೇ ಇಲ್ವಲ್ಲ ಅಂತ ಇವ್ಳೂ ಜೀವ ಬುಟ್ಬುಡ್ತಾಳೆ ಅನ್ನುಸ್ತು. ಒಟ್ಟೇಲೇ ಓಗಿತ್ತು ಅಂದ್ಬುಟ್ಟೆ. ಆಮೇಲೆ ನಿಮ್ಮಪ್ಪ, ನಿಮ್ ಭಾವ ಎಲ್ಲಾ ಅದ್ನೇ ಅಂದ್ರು. ಒಂದ್ಸಲ ಅಂದ್ಮೇಲೆ ಎಂಗೆ ಇಂದುಕ್ ತಕ್ಕಳದು?’

ಕೈ ಅಂಟಾಗಿತ್ತು, ತೋಳಿನಿಂದ ಕಣ್ಣೊರೆಸಿಕೊಂಡಳು. ‘ಅವ್ಳಿಗೆ ಯೋಳ್ಬ್ಯಾಡ ಮಗ’ ಎಂದಳು.

ಒಂದು ತಿಂಗಳು ಹೇಳಲಿಲ್ಲ. ಆ ಹೊತ್ತಿಗೆ ಅಕ್ಕನಿಗೆ ನಾಲ್ಕು ವರ್ಷದ ಮಗಳಿದ್ದಳು. ಹೇಳಿ ಆಗಬೇಕಾದ್ದೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಒಂದು ಭಾನುವಾರ ಅವಳ ಮನೆಗೆ ಹೋದಾಗ ಮಗಳಿಗೆ ಎಣ್ಣೆ ಹಚ್ಚಿ ತಲೆ ಬಾಚುತ್ತ, ಯಾವುದೋ ಮಾತಿಗೆ ಅಕ್ಕ ಅಂದಳು: ‘ಮೊದ್ಲುನ್ ಕೂಸು ನನ್ ಒಟ್ಟೇಲೇ ಸತ್ತಿತ್ತು, ನಂಗೆ ಗೊತ್ತೇ ಆಗ್ನಿಲ್ಲ ಕಣೆ. ಎಂತಾ ತಾಯಿ ನಾನು? ಇವ್ಳು ಒಟ್ಟೇಲಿದ್ದಾಗ ಒಂದ್ ದಿನಾನೂ ನೆಟ್ಗೆ ನಿದ್ದೆ ಮಾಡ್ನಿಲ್ಲ. ಮಿಸುಕ್ತಾದೋ ಇಲ್ವೋ ಅಂತ ಕೈ ಇಟ್ಕಂಡೇ ಇರ್ತಿದ್ದೆ.’

ಅವ್ವ ಉಳಿಸಲೆಂದು ಆಡಿದ ಮಾತು ಇವಳನ್ನು ಇಷ್ಟು ವರ್ಷ ಹೀಗೆ ತಿಂದಿತ್ತು. ನನಗೆ ಕೂರಲಾಗಲಿಲ್ಲ. ‘ಅಕ್ಕ, ಒಂದ್ ದಿನ ಆಸ್ಪತ್ರೆಗ್ ಬಂದು ಕೂಸಿನ್ ಫೈಲು ಕೇಳು’ ಎಂದೆ.

‘ಯಾಕೆ?’

‘ಬಂದ್ ಕೇಳು. ನಾನ್ ಯೋಳಕಾಗದು ಇಷ್ಟೇಯ.’

ಬಾಚಣಿಗೆ ಹಿಡಿದುಕೊಂಡೇ ನನ್ನ ಮುಖ ನೋಡಿದಳು.

ಬುಧವಾರ ಬಂದಳು, ಒಬ್ಬಳೇ. ಆಧಾರ್ ಕಾರ್ಡು, ಪರಿಚಯದವರಿಂದ ಬರೆಸಿಕೊಂಡ ಅರ್ಜಿ ತಂದಿದ್ದಳು. ಮೇಡಂ ತಮ್ಮ ಕೋಣೆಯಲ್ಲಿ ಕೂರಿಸಿ, ಮಗು ಜೀವಂತ ಹುಟ್ಟಿತ್ತು, ಎರಡು ದಿನ ಇತ್ತು ಎಂದು ತಾವೇ ಮೆಲ್ಲಗೆ ಹೇಳಿದರು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು. ‘ನನ್ ತಂಗಿ ಓದ್ಲಿ, ಮೇಡಂ’ ಎಂದಳು. ಮೇಡಂ ತಲೆಯಾಡಿಸಿದರು.

ಇಂಗ್ಲಿಷಿನ ಒಂದೊಂದು ಸಾಲನ್ನೂ ಕನ್ನಡ ಮಾಡಿ ಹೇಳಿದೆ. ಹುಟ್ಟಿದ ತಕ್ಷಣ ಅತ್ತಿತು ಎಂದಾಗ ಅವಳು ನನ್ನ ಮಣಿಕಟ್ಟು ಹಿಡಿದಳು.

‘ಅಳ್ತು ಅಂತ ಬರ್ದವ್ರಾ?’

‘ಬರ್ದವ್ರೆ.’

‘ಇನ್ನೊಂದ್ಸಲ ಓದು.’

ಓದಿದೆ. ಹತ್ತು ಗಂಟೆ, ಉಸಿರು ಚುರುಕು. ಹನ್ನೊಂದು ಗಂಟೆ, ಮೈ ಬಿಸಿ ಸರಿ ಇದೆ. ಹನ್ನೆರಡು ಗಂಟೆ, ನಳಿಗೆಯಲ್ಲಿ ಐದು ಎಂ.ಎಲ್. ಹಾಲು.

‘ಯಾರ್ ಆಲು?’ ಎಂದಳು. ಅದು ಬರೆದಿರಲಿಲ್ಲ. ‘ನಂಗೆ ಎದೆ ಕಲ್ಲಾಗಿತ್ತು ಕಣೆ. ಸತ್ತ್ ಕೂಸ್ಗೆ ಆಲ್ ಬಂದದಲ್ಲಾ ಅಂತ ನಾಚ್ಕಂಡು ಬಚ್ಚಲ್ಗೆ ಇಂಡಿ ಚೆಲ್ಲುದ್ದೆ.’

ಮೊದಲ ಹಾಳೆಯ ಮೂಲೆಯಲ್ಲಿ ಮಸಿಯಲ್ಲಿ ಒತ್ತಿದ ಪಾದದ ಗುರುತಿತ್ತು. ಅಕ್ಕ ಅದನ್ನು ಮುಟ್ಟಲಿಲ್ಲ, ಪಕ್ಕದಲ್ಲಿ ಬೆರಳಿಟ್ಟು ಅಳತೆ ನೋಡಿದಳು. ಅವಳು ಅತ್ತದ್ದು ಅಲ್ಲೂ ಅಲ್ಲ. ಎರಡನೆಯ ದಿನದ ಸಂಜೆ ನರ್ಸ್ ಬರೆದಿದ್ದ ಒಂದು ಸಾಲು ಓದಿದೆ: ಅಜ್ಜಿ ಬಂದು ಮಗುವನ್ನು ನೋಡಿ ಹೋದರು.

‘ಅವ್ವ ನೋಡಿದ್ಲಾ?’

ನಾನು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ.

‘ಅವ್ವ ನೋಡಿದ್ಲಾ ಅದ್ನ?’ ಎನ್ನುತ್ತಲೇ ಮೇಜಿನ ಮೇಲೆ ತಲೆಯಿಟ್ಟಳು. ಮೇಡಂ ಎದ್ದು ಬಾಗಿಲು ಮುಂದೆ ಮಾಡಿದರು.

ಆಮೇಲೆ ಅಕ್ಕ ಅವ್ವನ ಫೋನು ಎತ್ತಲಿಲ್ಲ. ಯುಗಾದಿಗೆ ತವರಿಗೆ ಬರಲಿಲ್ಲ. ತಡೆಯಲಾರದೆ ಅವ್ವನೇ ಹೋದಳು, ಅದೇ ದಿನ ಮಧ್ಯಾಹ್ನದ ಬಸ್ಸಿಗೆ ವಾಪಸ್ ಬಂದಳು. ‘ಊಟಕ್ಕಿಕ್ಕುದ್ಲು. ಮಾತಾಡ್ನಿಲ್ಲ’ ಎಂದಳು. ಆಮೇಲೆ ನನ್ನ ಕಡೆ ನೋಡದೆ, ‘ನಿನ್ನ ಓದ್ಸಿದ್ದೇ ತಪ್ಪಾಯ್ತು’ ಎಂದಳು. ಅಪ್ಪ ಎದ್ದು ಹೊರಗೆ ಹೋದರು.

ಭಾವನನ್ನು ಅಕ್ಕ ಕೇಳಿದ್ದು ಒಂದೇ ಮಾತು: ಎಲ್ಲಿ ಮಣ್ಣು ಮಾಡಿದಿರಿ? ಊರಿಗೆ ತಂದರೆ ದಿನಾ ಕಣ್ಣಿಗೆ ಬೀಳುತ್ತದೆಂದು ಅಪ್ಪನೂ ಅವರೂ ಹಾಸನದಲ್ಲೇ ಮಣ್ಣು ಮಾಡಿದ್ದರು. ಒಂದು ಬೆಳಿಗ್ಗೆ ಭಾವ ಅವಳನ್ನು ಅಲ್ಲಿಗೆ ಕರೆತಂದರು, ನಾನೂ ಜೊತೆಗೆ ಹೋದೆ. ಸ್ಮಶಾನಕ್ಕೆ ಹೊಸ ಕಾಂಪೌಂಡು ಬಂದಿತ್ತು. ಲಂಟಾನ ಎದೆಮಟ್ಟ ಬೆಳೆದಿತ್ತು. ‘ಇಲ್ಲೊಂದು ಒಂಗೆ ಮರ ಇತ್ತು’ ಎನ್ನುತ್ತ ಭಾವ ಆ ಕಡೆ ಈ ಕಡೆ ನಡೆದರು. ಮರ ಇರಲಿಲ್ಲ. ಕಾವಲಿನವರು ಕೂಸುಗಳ ಗುಂಡಿಗೆ ಗುರುತು ಇಡುವುದಿಲ್ಲ ಎಂದರು. ಬಿಸಿಲೇರಿತು. ಕೊನೆಗೆ ಭಾವ ಒಂದು ಕಡೆ ನಿಂತು, ‘ಇಲ್ಲೇ ಇರ್ಬೇಕು’ ಎಂದರು. ಅವರ ದನಿ ಕೇಳಿದರೆ ಊಹೆಯ ಮಾತು ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು.

ಅಕ್ಕನಿಗೂ ಗೊತ್ತಾಯಿತು. ಆದರೂ ಅಲ್ಲೇ ಕೂತಳು. ಭಾವ ಮತ್ತೆ ಹುಡುಕಲು ಹೊರಟಾಗ, ‘ಬುಡಿ, ಸಾಕು. ಬನ್ನಿ, ಕುಂತ್ಕಳಿ’ ಎಂದಳು. ಅವರು ಅವಳ ಪಕ್ಕದಲ್ಲಿ ಕೂತು, ನಮ್ಮ ಮುಂದೆ ಎಂದೂ ಅಳದವರು, ಅತ್ತರು.

ಡಿಗ್ರಿ ಮುಗಿಯಿತು. ಈಗ ಚನ್ನರಾಯಪಟ್ಟಣದ ಒಂದು ಆಸ್ಪತ್ರೆಯಲ್ಲಿ ಕೆಲಸ. ಅಕ್ಕನ ಮನೆ ಹತ್ತಿರವಾದ್ದರಿಂದ ರಜೆಯ ದಿನ ಹೋಗುತ್ತೇನೆ. ಅವಳು ನನ್ನನ್ನು ದೂರಲಿಲ್ಲ, ಒಳ್ಳೆಯದು ಮಾಡಿದೆ ಎಂದೂ ಹೇಳಲಿಲ್ಲ. ಹೋದ ವರ್ಷ ಅವಳ ಮಗಳಿಗೆ ಜ್ವರ ಬಂದು ಮಲಗಿದಾಗ ಅವ್ವ ಹೋಗಿ ಗಂಜಿ ಕಾಯಿಸಿ ಕುಡಿಸಿದಳು. ಅಲ್ಲಿಂದೀಚೆ ಮೊಮ್ಮಗಳ ವಿಷಯ, ರಾಗಿ ಕೊಯ್ಲಿನ ವಿಷಯ ಮಾತಾಡುತ್ತಾರೆ. ಅವ್ವ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಾಳೆ. ಇವತ್ತು ಉಳಿದುಕೋ ಎಂದು ಅಕ್ಕ ಇನ್ನೂ ಕರೆದಿಲ್ಲ.